ಬೋರ್ ಮಾಡಿಸಿದ ಇಂಜಿನ್ನು, ನಲವತ್ತರ ಸ್ಪೀಡು

ಇಂಜಿನ್ ಬೋರ್ ಮಾಡಿಸಿದೆ, ಅಂದರೆ ಹಾಳಾದ ಸಿಲಿಂಡರುಗಳನ್ನು ಲೇತ್ ವರ್ಕ್‌ಶಾಪಿನಲ್ಲಿ ಸ್ವಲ್ಪ ಅಗಲಕ್ಕೆ ಕೊರೆಸಿದೆ, ಅಂತ ಯಾರಿಗಾದರೂ ಹೇಳಿ ನೋಡಿ. ಬರುವ ಉತ್ತರ ಒಂದೇ: "ಎರಡು ಸಾವಿರ ಕಿಲೋಮೀಟರ್ ನಲವತ್ತರ ಮೇಲೆ ಹೋಗ್ಬೇಡಿ." ಅಪ್ಪ ಹೇಳಿದರು. ಪಕ್ಕದ ಮನೆಯ ರಿಟೈರ್ಡ್ ಬಸ್ ಡ್ರೈವರ್ ಹೇಳಿದರು. ಪೆಟ್ರೋಲ್ ಬಂಕಿನ ಹುಡುಗನೂ ಬಿಡಲಿಲ್ಲ, ನಳಿಕೆ ಹಿಡಿದುಕೊಂಡೇ ಹೇಳಿದ. ನಾನು ಯಾರ ಮಾತನ್ನೂ ಕೇಳಲಿಲ್ಲ. ಸುಮ್ನೆ ಹಟಕ್ಕೆ ಅಲ್ಲ, ಅದಕ್ಕೊಂದು ಕಾರಣ ಇದೆ. ಆ ಕಾರಣ ಅರ್ಥ ಆಗಬೇಕಾದರೆ ಇಂಜಿನ್ ಹೇಗೆ ಹಾಳಾಯ್ತು, ಬಿಚ್ಚಿದಾಗ ಒಳಗೆ ಏನಿತ್ತು, ಲೇತಿನಲ್ಲಿ ಏನು ಮಾಡಿದರು ಅನ್ನೋದನ್ನೂ ಹೇಳಬೇಕು. ಸ್ವಲ್ಪ ಉದ್ದ ಆಗುತ್ತೆ.

ಗಾಡಿ ಅಪ್ಪನದು. ಮಾರುತಿ 800, 1998ರ ಮಾಡೆಲ್. ಕಾರ್ಬುರೇಟರ್ ಇರುವುದು, ನಾಲ್ಕು ಗೇರಿನದು. 796 ಸಿಸಿ, ಮೂರು ಸಿಲಿಂಡರ್. ಬ್ಲಾಕ್ ಬೀಡು ಕಬ್ಬಿಣದ್ದು, ಮೇಲಿನ ಹೆಡ್ ಅಲ್ಯೂಮಿನಿಯಂ. ಸುಜುಕಿಯವರು ಇದನ್ನು ಎಫ್8ಬಿ ಅಂತ ಕರೆಯುತ್ತಾರೆ. 1983ರ ಡಿಸೆಂಬರ್‌ನಲ್ಲಿ ಮೊದಲ ಮಾರುತಿ ರಸ್ತೆಗೆ ಬಂತು, 2014ರ ಜನವರಿಯಲ್ಲಿ 800 ತಯಾರಿ ನಿಂತಿತು. ಆದರೆ ಓಮ್ನಿಗೂ 796 ಸಿಸಿ ಇಂಜಿನ್ನೇ ಇತ್ತು, ಅದು 2019ರವರೆಗೂ ಬಂತು. ಹಾಗಾಗಿ ಪಿಸ್ಟನ್, ಅದರ ಸುತ್ತ ಕೂತು ಸಿಲಿಂಡರಿನ ಗೋಡೆಗೆ ಒತ್ತುವ ರಿಂಗ್, ಪ್ಯಾಕಿಂಗ್ ಸೆಟ್ ಇವಕ್ಕೆಲ್ಲ ಇವತ್ತಿಗೂ ತೊಂದರೆ ಇಲ್ಲ. ಇದೇ ವಯಸ್ಸಿನ ಬೇರೆ ಯಾವುದಾದರೂ ವಿದೇಶಿ ಕಾರು ಇದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ, ಗಾಡಿ ಗುಜರಿಗೆ ಹೋಗಿರುತ್ತಿತ್ತು.

ಚಿಕ್ಕಮ್ಮನ ಮಗ ಉಡುಪಿಯಿಂದ ಶಿವಮೊಗ್ಗಕ್ಕೆ ಗಾಡಿ ತರುತ್ತಿದ್ದ. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತುವಾಗ, ಆ 14 ತಿರುವುಗಳ ಮಧ್ಯೆ ಎಲ್ಲೋ, ರೇಡಿಯೇಟರಿನ ಕೆಳಗಿನ ಹೋಸ್ ಪೈಪು ಕ್ಲಿಪ್ಪಿನ ಪಕ್ಕದಲ್ಲೇ ಸೀಳಿತು. ನೀರೆಲ್ಲ ರಸ್ತೆಗೆ. ಟೆಂಪರೇಚರ್ ಮುಳ್ಳು ಮೊದಲು ಮೇಲೆ ಹೋಯಿತಂತೆ. ಆಮೇಲೆ ತಾನಾಗಿ ಕೆಳಗೆ ಬಂತಂತೆ. "ಕಮ್ಮಿ ಆಯ್ತಲ್ಲ ಅಣ್ಣ, ಸರಿ ಹೋಯ್ತು ಅಂದ್ಕೊಂಡೆ" ಅಂದ. ಅವನನ್ನು ಬೈದು ಪ್ರಯೋಜನ ಇಲ್ಲ. ಆ ಸೆನ್ಸರ್ ಅಳೆಯುವುದು ನೀರಿನ ಬಿಸಿಯನ್ನು, ಇಂಜಿನ್ನಿನ ಬಿಸಿಯನ್ನಲ್ಲ. ಸುತ್ತ ನೀರೇ ಇಲ್ಲದಿದ್ದರೆ ಅದು ಬರೀ ಆವಿಯಲ್ಲಿ, ಗಾಳಿಯಲ್ಲಿ ನೇತಾಡುತ್ತಾ ಕಡಿಮೆ ತೋರಿಸುತ್ತದೆ. ಇಂಜಿನ್ ಸುಡುತ್ತಿರುವಾಗಲೇ ಮುಳ್ಳು "ಏನೂ ಆಗಿಲ್ಲ" ಅನ್ನುತ್ತದೆ. ಹತ್ತುವಾಗ ಮೇಲೆ ಹೋಗಿದ್ದ ಮುಳ್ಳು ಗಾಡಿ ನಿಲ್ಲಿಸದೆ ಗಕ್ಕನೆ ಬಿದ್ದರೆ ಅಲ್ಲೇ ಆಫ್ ಮಾಡಿ. ಅದು ಒಳ್ಳೆಯ ಸುದ್ದಿ ಅಲ್ಲ.

ಅವನಿಗೆ ಆಮೇಲೆ ಕೇಳಿಸಿದ್ದು ಕಟ ಕಟ ಸದ್ದು. ಪಿಕಪ್ ಹೋಯಿತು. ಇನ್ನೊಂದು ತಿರುವಿನಲ್ಲಿ ಇಂಜಿನ್ ನಿಂತೇ ಹೋಯಿತು, ಸ್ಟಾರ್ಟರ್ ತಿರುಗಿಸಿದರೆ ಟಕ್ ಅಂದು ಸುಮ್ಮನಾಯಿತು. ಜಾಮ್. ಒಂದು ಗಂಟೆ ತಣ್ಣಗಾದ ಮೇಲೆ ತಿರುಗಿತು. ಇಷ್ಟರಲ್ಲೇ ಒಳಗಿನ ಕಥೆ ಅರ್ಧ ಗೊತ್ತಾಗುತ್ತದೆ. ಪಿಸ್ಟನ್ ಅಲ್ಯೂಮಿನಿಯಂ, ಸಿಲಿಂಡರ್ ಕಬ್ಬಿಣ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಪಿಸ್ಟನ್ ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಂಡಿದೆ, ತಣ್ಣಗಾದಾಗ ಬಿಟ್ಟಿದೆ. ಬಿಟ್ಟಿದ್ದೇನೋ ಹೌದು, ಕಚ್ಚಿದ ಗುರುತು ಬಿಡದೆ ಇರುತ್ತಾ?

ಟೋ ಮಾಡಿಸಿ ತಂದು ಆಟೋ ಕಾಂಪ್ಲೆಕ್ಸಿನಲ್ಲಿ ನಮ್ಮ ಮಾಮೂಲಿ ಮೆಕ್ಯಾನಿಕ್ ಹತ್ತಿರ ನಿಲ್ಲಿಸಿದೆ. ಭಾಯ್ ಅಂತಲೇ ಎಲ್ಲರೂ ಕರೆಯುವುದು. ಅವರು ಹೆಡ್ ಬಿಚ್ಚುವ ಮೊದಲು ಕಂಪ್ರೆಷನ್, ಅಂದರೆ ಒಂದೊಂದು ಸಿಲಿಂಡರಿನಲ್ಲಿ ಎಷ್ಟು ಒತ್ತಡ ನಿಲ್ಲುತ್ತದೆ ಅಂತ ನೋಡಿದರು. ಒಂದನೇ ಸಿಲಿಂಡರ್ ಪರವಾಗಿಲ್ಲ. ಎರಡು ಮತ್ತು ಮೂರು ಎರಡೂ ಪಾತಾಳಕ್ಕೆ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವೆ ಹೆಡ್ ಪ್ಯಾಕಿಂಗ್ (ಬ್ಲಾಕಿಗೂ ಹೆಡ್ಡಿಗೂ ನಡುವಿನ ಪದರ) ಹೋಗಿದೆ ಅಂತ ಲೆಕ್ಕ. ಅಲ್ಲಿ ಪ್ಯಾಕಿಂಗ್ ಬಹಳ ಕಿರಿದು, ಮೊದಲು ಸುಡುವ ಜಾಗ ಅದೇ. ಹೆಡ್ ಎತ್ತಿದಾಗ ಹಾಗೇ ಇತ್ತು: ಎರಡರ ನಡುವಿನ ಪಟ್ಟಿ ಕರಕಲಾಗಿ ಕಾಣೆಯಾಗಿತ್ತು.

ಭಾಯ್ ಆಗಲೇ ಒಂದು ದಾರಿ ಹೇಳಿದರು. "ಹಾಫ್ ಇಂಜಿನ್ ಸಿಗುತ್ತೆ ಸಾರ್, ಶಿವಾಜಿನಗರದಿಂದ ತರಿಸೋಣ. ಎರಡು ದಿವಸದ ಕೆಲಸ." ಹಾಫ್ ಇಂಜಿನ್ ಅಂದರೆ ಹೆಡ್ ಬಿಟ್ಟು ಕೆಳಗಿನ ಭಾಗ, ಬ್ಲಾಕ್ ಸಮೇತ. ಬೆಂಗಳೂರಿನ ಗುಜರಿಯಲ್ಲಿ ಸಿಗುತ್ತದೆ ಅನ್ನೋದು ನಿಜವೇ. ಆದರೆ ಅದರೊಳಗೆ ಏನಿದೆ ಅಂತ ಯಾರು ಕಂಡಿದ್ದಾರೆ? ಅದನ್ನೂ ಬಿಚ್ಚಿಯೇ ನೋಡಬೇಕು. ಮೇಲಾಗಿ ಬ್ಲಾಕ್ ಬದಲಾದರೆ ಇಂಜಿನ್ ನಂಬರ್ ಬದಲಾಗುತ್ತದೆ, ಆರ್‌ಸಿಯಲ್ಲಿ ತಿದ್ದಿಸಲು ಆರ್‌ಟಿಒ ಸುತ್ತಬೇಕು. 15 ವರ್ಷ ದಾಟಿದ ಗಾಡಿ, ಐದೈದು ವರ್ಷಕ್ಕೆ ಎಫ್‌ಸಿ ಮಾಡಿಸುವಾಗ ಆ ನಂಬರ್ ತಾಳೆ ನೋಡುತ್ತಾರೆ. ಬೇಡ ಭಾಯ್, ಇದನ್ನೇ ಮಾಡೋಣ ಅಂದೆ. "ಟೈಮ್ ಹಿಡಿಯುತ್ತೆ" ಅಂದರು. ಹಿಡಿಯಲಿ. ಬಿಚ್ಚುವುದರಿಂದ ಜೋಡಿಸುವವರೆಗೆ ಪಕ್ಕದಲ್ಲಿ ನಾನೂ ಇರ್ತೀನಿ, ಕೈ ಹಾಕ್ತೀನಿ ಅಂತ ಕೇಳಿಕೊಂಡೆ. ಮೊದಲಿಗೆ ನಕ್ಕರು. ಆಮೇಲೆ ರಿಂಗ್ ಪಾನಾ ಕೊಟ್ಟು ಸಂಪಿನ (ಇಂಜಿನ್ನಿನ ಕೆಳಗಿನ ಆಯಿಲ್ ತಟ್ಟೆಯ) ಬೋಲ್ಟುಗಳ ಕಡೆ ತೋರಿಸಿದರು.

ಸಂಪ್ ಇಳಿಸಿ, ಕನೆಕ್ಟಿಂಗ್ ರಾಡ್ ಬಿಚ್ಚಿ, ಪಿಸ್ಟನ್‌ಗಳನ್ನು ಕೆಳಗಿನಿಂದ ತಳ್ಳಿ ಮೇಲಕ್ಕೆ ತೆಗೆದೆವು. ಎರಡನೇ ಪಿಸ್ಟನ್ನಿನ ಸ್ಕರ್ಟ್ (ರಿಂಗುಗಳ ಕೆಳಗಿನ ಬದಿ) ಮೇಲೆ ಬಾಚಣಿಗೆಯಲ್ಲಿ ಗೀರಿದ ಹಾಗೆ ಉದ್ದುದ್ದ ಗೆರೆ. ಸಿಲಿಂಡರಿನ ಗೋಡೆಗೆ ಬೆರಳಾಡಿಸಿದರೆ ಉಗುರು ಸಿಕ್ಕಿಕೊಳ್ಳುತ್ತಿತ್ತು, ಅಲ್ಲಲ್ಲಿ ಪಿಸ್ಟನ್ನಿನ ಅಲ್ಯೂಮಿನಿಯಂ ಬೆಳ್ಳಗೆ ಮೆತ್ತಿಕೊಂಡಿತ್ತು. ಉಗುರಿಗೆ ಸಿಗುವ ಗೀರು ಬರೀ ಹೋನಿಂಗಿನಲ್ಲಿ, ಅಂದರೆ ಕಲ್ಲಿನಿಂದ ಉಜ್ಜಿದರೆ, ಹೋಗುವುದಿಲ್ಲ. ಬೋರ್ ಮಾಡಲೇಬೇಕು.

ಲೇತಿನ ಆಚಾರ್ರು ಹಳೇ ಕಾಲದವರು. ಬ್ಲಾಕ್ ಇಳಿಸುತ್ತಿದ್ದ ಹಾಗೆ ಅವರು ಕೇಳಿದ ಮೊದಲ ಪ್ರಶ್ನೆ "ಪಿಸ್ಟನ್ ಎಲ್ಲಿ?" ಅಂತ. ಪಿಸ್ಟನ್ ಆಮೇಲೆ ತರ್ತೀವಿ, ನೀವು ಬೋರ್ ಮಾಡಿಡಿ ಅಂದರೆ ಮಾಡುವುದಿಲ್ಲ. ಪಿಸ್ಟನ್ ಮೊದಲು ಬರಬೇಕು, ಮೂರನ್ನೂ ಮೈಕ್ರೋಮೀಟರಿನಲ್ಲಿ ಅಳೆಯಬೇಕು, ಯಾವ ಪಿಸ್ಟನ್ ಯಾವ ಸಿಲಿಂಡರಿಗೆ ಅಂತ ನಂಬರ್ ಹಾಕಬೇಕು, ಅದಕ್ಕೆ ತಕ್ಕ ಹಾಗೆ ತೂತು ಕೊರೆಯಬೇಕು. ಬಾಕ್ಸಿನ ಮೇಲೆ ಬರೆದ ಸೈಜ್ ನಂಬಿ ಬೋರ್ ಮಾಡಿಕೊಡುವ ಲೇತುಗಳೂ ಇವೆ. ನಿಮ್ಮ ಲೇತಿನವರು ಪಿಸ್ಟನ್ ಕೇಳದಿದ್ದರೆ ಬ್ಲಾಕ್ ವಾಪಸ್ ಗಾಡಿಗೆ ಹಾಕಿಕೊಂಡು ಬಂದುಬಿಡಿ.

ಅವರು ಬೋರ್ ಗೇಜ್ ಇಳಿಸಿ ಅಳೆಯುವುದನ್ನು ನೋಡುತ್ತಾ ನಿಂತೆ. ಪ್ರತಿ ಸಿಲಿಂಡರಿನಲ್ಲಿ ಮೇಲೆ, ನಡುವೆ, ಕೆಳಗೆ. ಪ್ರತಿ ಜಾಗದಲ್ಲೂ ಎರಡು ದಿಕ್ಕಿನಲ್ಲಿ. ಎಫ್8ಬಿಯ ಮೂಲ ಬೋರ್ 68.5 ಮಿಲಿಮೀಟರ್. ನಮ್ಮದು ಕೆಳಗೆ ಹೆಚ್ಚುಕಮ್ಮಿ ಹಾಗೇ ಇತ್ತು, ಮೇಲೆ ಹೋದ ಹಾಗೆ ಅಗಲ. ಸವೆತ ಯಾವಾಗಲೂ ಮೇಲೇ ಜಾಸ್ತಿ, ಟಾಪ್ ರಿಂಗ್ ಮೇಲೆ ಹೋಗಿ ನಿಂತು ತಿರುಗುವ ಜಾಗದಲ್ಲಿ. ಅಲ್ಲಿ ಬಿಸಿ ಜಾಸ್ತಿ, ಒತ್ತಡ ಜಾಸ್ತಿ, ಆಯಿಲ್ ಕಡಿಮೆ, ಮತ್ತು ರಿಂಗ್ ಒಂದು ಕ್ಷಣ ನಿಂತೇ ಬಿಡುತ್ತದೆ. ಇಷ್ಟು ವರ್ಷದ ಸವೆತ ಒಂದು ಕಡೆ, ಘಾಟಿಯಲ್ಲಿ ಬಿದ್ದ ಗೀರು ಇನ್ನೊಂದು ಕಡೆ. 0.25 ಓವರ್‌ಸೈಜಿಗೆ, ಅಂದರೆ ಮೂಲಕ್ಕಿಂತ 0.25 ಮಿಲಿಮೀಟರ್ ದೊಡ್ಡ ಪಿಸ್ಟನ್ನಿಗೆ, ಹೋದರೆ ಒಂದೊಂದು ಬದಿಯಲ್ಲಿ ಸಿಗುವುದು 0.125 ಮಾತ್ರ, ಗೀರು ಪೂರ್ತಿ ಹೋಗುವುದಿಲ್ಲ. ನೇರ 0.50ಗೆ ಹೋದೆವು. ಈಗ ಬೋರ್ 69 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 72. ಲೆಕ್ಕ ಹಾಕಿದರೆ ನಮ್ಮ 796 ಸಿಸಿ ಗಾಡಿ ಈಗ 808 ಸಿಸಿ. ಅಪ್ಪನಿಗೆ ಹೇಳಿದೆ. "ಆರ್‌ಟಿಒಗೆ ಹೇಳ್ಬೇಡ" ಅಂದರು.

0.50 ಅಂದರೆ ಇನ್ನು ಮುಂದೆ ಬೋರ್ ಇಲ್ಲ, ಕಂಪನಿ ಕೊಡುವ ಕೊನೆಯ ಸೈಜ್ ಅದೇ. ಆಮೇಲೆ ಸಿಲಿಂಡರಿನೊಳಗೆ ಸ್ಲೀವ್ (ಹೊಸ ಕೊಳವೆ) ಹಾಕಿಸಬೇಕು. ಹಾಗಾಗಿ ಪಿಸ್ಟನ್, ರಿಂಗ್ ವಿಷಯದಲ್ಲಿ ಜುಗ್ಗತನ ಮಾಡಲಿಲ್ಲ. ಬೆಂಗಳೂರಿಗೆ ಬೇರೆ ಕೆಲಸಕ್ಕೆ ಹೋದಾಗ ಜೆ.ಸಿ. ರಸ್ತೆಯಲ್ಲಿ ನಾಲ್ಕಾರು ಅಂಗಡಿ ಸುತ್ತಿ ತಂದೆ. ಒಂದೇ ಬ್ರ್ಯಾಂಡಿನ ಬಾಕ್ಸ್, ಒಂದು ಅಂಗಡಿಯಲ್ಲಿ ಅರ್ಧ ಬೆಲೆ ಹೇಳಿದರೆ ಅನುಮಾನ ಪಡಬೇಕಾದ್ದು ನಾವೇ. ಬಿಲ್ ಕೇಳಿದ ತಕ್ಷಣ ಕೆಲವರ ಮುಖ ಬದಲಾಗುತ್ತದೆ, ಅಲ್ಲಿಂದ ಮುಂದಿನ ಅಂಗಡಿಗೆ ನಡೆಯುವುದು ಒಳ್ಳೆಯದು.

ಹೆಡ್ಡಿನ ಕಥೆ ಚಿಕ್ಕದು. ಸ್ಟ್ರೈಟ್ ಎಡ್ಜ್ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಿದರೆ ಬಾಗಿತ್ತು. 0.05 ಮಿಲಿಮೀಟರಿಗಿಂತ ಜಾಸ್ತಿ ಬಾಗಿದರೆ ಫೇಸಿಂಗ್ ಮಾಡಿಸಿ ಮುಖ ಸಮತಟ್ಟು ಮಾಡಿಸಬೇಕು, ನಮ್ಮದು ಅದರ ಮೂರರಷ್ಟಿತ್ತು. ಬಿರುಕು ಇರಲಿಲ್ಲ, ಪುಣ್ಯ. ಫೇಸಿಂಗ್ ಆಯಿತು, ವಾಲ್ವ್ ಸೀಲ್ ಹೊಸದು, ವಾಲ್ವ್‌ಗಳನ್ನು ಪೇಸ್ಟ್ ಹಾಕಿ ಉಜ್ಜಿ ಕೂರಿಸಿದ್ದು ನಾನೇ. ಕೂತಿದೆಯಾ ಅಂತ ನೋಡುವುದು ಸುಲಭ: ಹೆಡ್ ತಿರುಗಿಸಿಟ್ಟು, ಪೋರ್ಟಿನೊಳಗೆ ಸೀಮೆಎಣ್ಣೆ ಸುರಿದು, ಟೀ ಕುಡಿದು ಬನ್ನಿ. ವಾಲ್ವಿನ ಅಂಚು ಒಣಗಿದ್ದರೆ ಸರಿ. ಒದ್ದೆಯಾಗಿದ್ದರೆ ಮತ್ತೆ ಉಜ್ಜಿ. ನಮ್ಮ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಬಹಳ ಸತಾಯಿಸಿತು.

ಈಗ ಮುಖ್ಯ ವಿಷಯ, ಹೋನಿಂಗ್. ಬೋರ್ ಮಾಡುವ ಮೆಷಿನ್ ಪೂರ್ತಿ ಸೈಜಿಗೆ ಕೊರೆಯುವುದಿಲ್ಲ, ಕೊನೆಯ ಸ್ವಲ್ಪವನ್ನು ಹೋನಿಂಗ್ ಕಲ್ಲಿಗೆ ಬಿಡುತ್ತಾರೆ. ಕಲ್ಲು ತಿರುಗುತ್ತಲೇ ಮೇಲೆ ಕೆಳಗೆ ಓಡಾಡುತ್ತದೆ, ಗೋಡೆಯ ಮೇಲೆ ಒಂದಕ್ಕೊಂದು ಅಡ್ಡ ಹಾಯುವ ಸಣ್ಣ ಗೆರೆಗಳು ಬೀಳುತ್ತವೆ. ಆಚಾರ್ರು ಟಾರ್ಚ್ ಬಿಟ್ಟು ತೋರಿಸಿದರು. ಸುಮಾರು 45 ಡಿಗ್ರಿಯಲ್ಲಿ ಹೆಣೆದುಕೊಂಡ ಗೆರೆಗಳು, ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ. ಇದು ಚೆಂದಕ್ಕಲ್ಲ. ಗೆರೆಯ ಗುಂಡಿಯಲ್ಲಿ ಆಯಿಲ್ ನಿಲ್ಲುತ್ತದೆ. ಗೆರೆಯ ಏರು ಹೊಸ ರಿಂಗನ್ನು ಅರದ ಹಾಗೆ ತಿಕ್ಕುತ್ತದೆ, ರಿಂಗ್ ಆ ಏರನ್ನು ಸವೆಸುತ್ತದೆ. ಇಬ್ಬರೂ ಸವೆದು ಒಬ್ಬರಿಗೊಬ್ಬರು ಹೊಂದಿಕೊಂಡ ಮೇಲೆ ಸೀಲ್ ಆಗುತ್ತದೆ. ಗೋಡೆ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ನೋಡುವವರಿಗೆ ಖುಷಿ, ರಿಂಗ್ ಮಾತ್ರ ಕೂರುವುದೇ ಇಲ್ಲ.

ಹೋನ್ ಆಗಿ ಬಂದ ಬ್ಲಾಕನ್ನು ತೊಳೆಯುವ ವಿಷಯದಲ್ಲಿ ಭಾಯ್‌ಗೂ ನನಗೂ ಜಗಳ. ಅವರು ಸೀಮೆಎಣ್ಣೆ ಬ್ರಷ್ ಹೊಡೆದು, ಗಾಳಿ ಬಿಟ್ಟು, "ಕ್ಲೀನ್ ಆಯ್ತು ಸಾರ್" ಅಂದರು. ನಾನು ಹಳೇ ಬಿಳಿ ಬನಿಯನ್ ಬಟ್ಟೆಗೆ ಸ್ವಲ್ಪ ಆಯಿಲ್ ಹಚ್ಚಿ ಸಿಲಿಂಡರ್ ಒರೆಸಿ ತೋರಿಸಿದೆ. ಬೂದು ಬಣ್ಣ. ಅದು ಹೋನಿಂಗ್ ಕಲ್ಲಿನ ಪುಡಿ ಮತ್ತು ಕಬ್ಬಿಣದ ಪುಡಿ, ಗೆರೆಗಳ ಗುಂಡಿಯಲ್ಲಿ ಕೂತಿರುವುದು. ಸೀಮೆಎಣ್ಣೆ ಅದನ್ನು ತೆಗೆಯುವುದಿಲ್ಲ, ಇನ್ನೂ ಒಳಗೆ ಕೂರಿಸುತ್ತದೆ. ಬೇಕಾದ್ದು ಬಿಸಿ ನೀರು, ಬಟ್ಟೆ ಒಗೆಯುವ ಪೌಡರ್, ನಾರಿನ ಬ್ರಷ್. ಬ್ಲಾಕ್ ಮನೆಗೆ ತಂದು ಹಿತ್ತಲಿನಲ್ಲಿ ಹಂಡೆಯ ನೀರು ಕಾಯಿಸಿ ಉಜ್ಜಿದೆ. ಒರೆಸುವುದು, ಬೂದು, ಮತ್ತೆ ಉಜ್ಜುವುದು. ಅಮ್ಮ ಬಾಗಿಲಲ್ಲಿ ನಿಂತು "ಪಾತ್ರೆ ಒಂದು ದಿನ ಹೀಗೆ ತೊಳೆದಿದ್ದೀಯಾ" ಅಂದರು. ಕೊನೆಗೆ ಬಟ್ಟೆ ಬಿಳಿಯಾಗೇ ಬಂತು. ಅಷ್ಟಾದ ಕೂಡಲೇ ಒರೆಸಿ ಆಯಿಲ್ ಹಚ್ಚಬೇಕು, ಫೋನ್ ಬಂತು ಅಂತ ಹೋದರೆ ವಾಪಸ್ ಬರುವಷ್ಟರಲ್ಲಿ ಹಸಿ ಕಬ್ಬಿಣಕ್ಕೆ ಕೆಂಪು ತುಕ್ಕು ಹಿಡಿದಿರುತ್ತದೆ. ಆಯಿಲ್ ಹೋಗುವ ಸಣ್ಣ ದಾರಿಗಳನ್ನೂ ಬಿಡಬೇಡಿ, ಉದ್ದ ಬ್ರಷ್ ತೂರಿಸಿ ತೊಳೆದು ಗಾಳಿ ಹೊಡೆಯಿರಿ. ರೀಬಿಲ್ಡ್ ಮಾಡಿದ ಇಂಜಿನ್ ಬೇಗ ಹಾಳಾದರೆ ಸ್ಪೇರ್ ಸರಿ ಇರಲಿಲ್ಲ ಅಂತ ಬೈಯುತ್ತಾರೆ. ಎಷ್ಟೋ ಸಲ ಕಾರಣ ಈ ಬೂದು ಪುಡಿ.

ರಿಂಗಿನ ಎರಡು ತುದಿಗಳ ನಡುವಿನ ಗ್ಯಾಪ್ ನೋಡುವುದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ರಿಂಗನ್ನು ಸಿಲಿಂಡರಿನೊಳಗೆ ಇಟ್ಟು, ಪಿಸ್ಟನ್ ತಲೆಕೆಳಗು ಮಾಡಿ ಅದರಿಂದಲೇ ಸಮನಾಗಿ ಒಳಗೆ ತಳ್ಳಿ, ಎರಡು ತುದಿಗಳ ನಡುವೆ ಫೀಲರ್ ಗೇಜ್ ಹಾಕಿ. ಬೋರಿನ ಸಾವಿರದಲ್ಲಿ ನಾಲ್ಕು ಪಾಲು ಅನ್ನೋದು ಒಂದು ಹಳೇ ಲೆಕ್ಕ. 69 ಮಿಲಿಮೀಟರಿಗೆ 0.28ರ ಆಸುಪಾಸು. ಗ್ಯಾಪ್ ಸ್ವಲ್ಪ ಜಾಸ್ತಿ ಇದ್ದರೆ ನಡೆಯುತ್ತದೆ. ಕಡಿಮೆ ಇದ್ದರೆ ಬಿಸಿಗೆ ಹಿಗ್ಗಿ ತುದಿಗೆ ತುದಿ ತಾಗಿ, ರಿಂಗ್ ಮುರಿಯುತ್ತದೆ ಇಲ್ಲವೇ ಸಿಲಿಂಡರ್ ಗೀರುತ್ತದೆ. ರಿಂಗಿನ ಮೇಲೆ ಗುರುತಿರುವ ಮುಖ ಮೇಲೆ ಬರಬೇಕು, ಗ್ಯಾಪ್‌ಗಳು ಒಂದರ ಕೆಳಗೆ ಒಂದು ಬರಬಾರದು. ಇಷ್ಟು ಭಾಯ್‌ಗೆ ಕಣ್ಣು ಮುಚ್ಚಿಯೂ ಗೊತ್ತು.

ಜೋಡಿಸುವಾಗ ಅವರಿಂದ ನಾನು ಕಲಿತ ಒಂದು ಅಭ್ಯಾಸ ಬಹಳ ಇಷ್ಟವಾಯಿತು. ಒಂದೊಂದು ಬೇರಿಂಗ್ ಕ್ಯಾಪ್ ಟೈಟ್ ಮಾಡಿದ ಮೇಲೂ ಕ್ರ್ಯಾಂಕನ್ನು (ಪಿಸ್ಟನ್‌ಗಳು ತಿರುಗಿಸುವ ದಂಡ) ಕೈಯಲ್ಲಿ ಒಂದು ಸುತ್ತು ತಿರುಗಿಸುತ್ತಿದ್ದರು. ಎಲ್ಲಾದರೂ ಬಿಗಿ ಬಂದರೆ ಯಾವುದರಿಂದ ಬಂತು ಅಂತ ಆಗಲೇ ಗೊತ್ತು. ಎಲ್ಲ ಮುಗಿಸಿ ಕೊನೆಗೆ ತಿರುಗಿಸಿದರೆ, ಬಿಗಿ ಇದ್ದಾಗ, ಮತ್ತೆ ಮೊದಲಿನಿಂದ ಹುಡುಕಬೇಕು. ಬೇರಿಂಗ್‌ಗಳಿಗೆ ಹಚ್ಚುವ ಆಯಿಲ್ ಧಾರಾಳವಾಗಿರಲಿ. ಧಾರಾಳ ಬೇಡದ್ದು ಸೀಲೆಂಟ್. ಸಂಪ್ ಕೂರಿಸುವಾಗ ಅದನ್ನು ದೋಸೆ ಚಟ್ನಿ ಲೆಕ್ಕದಲ್ಲಿ ಹಚ್ಚುವವರಿದ್ದಾರೆ. ಹೊರಗೆ ಉಬ್ಬಿ ಬಂದಷ್ಟೇ ಒಳಗೂ ಉಬ್ಬಿರುತ್ತದೆ, ಆ ಚೂರು ಕಳಚಿ ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂತರೆ ಇಷ್ಟು ಮಾಡಿದ್ದೆಲ್ಲ ನೀರುಪಾಲು. ಹೆಡ್ ಬೋಲ್ಟ್ ನಡುವಿನಿಂದ ಶುರು ಮಾಡಿ ಹೊರಗೆ, ಮೂರು ಹಂತದಲ್ಲಿ, ಟಾರ್ಕ್ ರೆಂಚಿನಲ್ಲಿ. ಭಾಯ್ ಹತ್ತಿರ ಟಾರ್ಕ್ ರೆಂಚ್ ಇತ್ತು, ಬಟ್ಟೆ ಸುತ್ತಿ ಪೆಟ್ಟಿಗೆಯ ತಳದಲ್ಲಿ. "ಕೈಯಲ್ಲೇ ಗೊತ್ತಾಗುತ್ತೆ ಸಾರ್." ಗೊತ್ತಾಗುತ್ತೆ ಭಾಯ್, ಆದರೂ ಇರಲಿ ಅಂದೆ.

ಕೂಲಿಂಗ್ ಸಿಸ್ಟಂ ಪೂರ್ತಿ ಹೊಸದು ಮಾಡಿದೆ. ಎಲ್ಲ ಹೋಸ್, ವಾಟರ್ ಪಂಪ್, ರೇಡಿಯೇಟರ್ ಕ್ಯಾಪ್. ಕ್ಯಾಪ್ ಬರೀ ಮುಚ್ಚಳ ಅಲ್ಲ. ಒತ್ತಡ 0.9 ಅಂತ ಬರೆದಿರುವ ಕ್ಯಾಪ್ ಒಳಗಿನ ಒತ್ತಡ ಹಿಡಿದಿಟ್ಟರೆ ಬರೀ ನೀರು ಕೂಡ 118 ಡಿಗ್ರಿ ಹತ್ತಿರ ಹೋಗುವವರೆಗೆ ಕುದಿಯುವುದಿಲ್ಲ. ರಬ್ಬರ್ ಹೋದ ಕ್ಯಾಪ್ ಇದ್ದರೆ ನೂರಕ್ಕೇ ಕುದಿ. ಬಿಚ್ಚಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಹಿಂದೆ ಯಾವುದೋ ಗ್ಯಾರೇಜಿನವರು ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಕಿತ್ತು ಬಿಸಾಡಿದ್ದರು. ಇದು ನಮ್ಮ ಕಡೆಯ ದೊಡ್ಡ ರೋಗ. "ನಮ್ಮ ಬಿಸಿಲಿಗೆ ಅದು ಬೇಡ ಸಾರ್" ಅನ್ನುತ್ತಾರೆ. ಥರ್ಮೋಸ್ಟಾಟ್ ಇರುವುದು ಹೊರಗಿನ ಚಳಿಗಾಗಿ ಅಲ್ಲ, ಇಂಜಿನ್ ಬೇಗ 80 ಡಿಗ್ರಿ ಮುಟ್ಟಿ ಅಲ್ಲೇ ನಿಲ್ಲಲಿ ಅಂತ. ಇಲ್ಲದಿದ್ದರೆ ಮಲೆನಾಡಿನ ಮಳೆಗಾಲದಲ್ಲಿ ಇಂಜಿನ್ ತಣ್ಣಗೇ ಓಡಿ, ಪೆಟ್ರೋಲ್ ಸರಿಯಾಗಿ ಆವಿಯಾಗದೆ ಸಿಲಿಂಡರಿನ ಆಯಿಲ್ ತೊಳೆಯುತ್ತದೆ. ನಮ್ಮ ಬೋರಿನ ಸವೆತದಲ್ಲಿ ಅದರ ಪಾಲೂ ಇತ್ತು ಅಂತ ನನ್ನ ನಂಬಿಕೆ. ಹೊಸದು ಹಾಕಿಸಿದೆ, ಕೂಲೆಂಟ್ ತುಂಬಿಸಿದೆ. ನಲ್ಲಿ ನೀರು ಬೇಡವೇ ಬೇಡ, ಬ್ಲಾಕ್ ಕಬ್ಬಿಣದ್ದು.

ಸ್ಟಾರ್ಟ್ ಮಾಡುವ ಮೊದಲು ಪ್ಲಗ್ ಮೂರನ್ನೂ ಬಿಚ್ಚಿ, ಇಗ್ನಿಷನ್ ಕಾಯಿಲ್ ವೈರ್ ಕಿತ್ತಿಟ್ಟು, ಸ್ಟಾರ್ಟರಿನಲ್ಲೇ ಸ್ವಲ್ಪ ಸ್ವಲ್ಪ ಹೊತ್ತು ತಿರುಗಿಸಿದೆವು. ಆಯಿಲ್ ಲೈಟ್ ಆರುವವರೆಗೆ. ಕಂಪ್ರೆಷನ್ ಇಲ್ಲದ ಕಾರಣ ಬೇರಿಂಗಿಗೆ ಭಾರ ಬೀಳುವುದಿಲ್ಲ, ಆಯಿಲ್ ಎಲ್ಲ ಕಡೆ ಮುಟ್ಟುತ್ತದೆ. ಹಾಕಿದ್ದು ಮಾಮೂಲಿ ಮಿನರಲ್ 20ಡಬ್ಲ್ಯೂ-50. ಸಿಂಥೆಟಿಕ್ ಈಗ ಬೇಡ. ರಿಂಗ್ ತಿಕ್ಕಬೇಕಾದ ಹೊತ್ತಿನಲ್ಲಿ ಜಾರಿಸುವ ಆಯಿಲ್ ಯಾಕೆ? ಪ್ಲಗ್ ಹಾಕಿ ಕೀಲಿ ತಿರುಗಿಸಿದರೆ ಹತ್ತಿಕೊಂಡಿತು. ಸೈಲೆನ್ಸರಿನಿಂದ ಬೆಳ್ಳನೆ ಹೊಗೆ. ಚಿಕ್ಕಮ್ಮನ ಮಗ ಹೆದರಿಬಿಟ್ಟ. ಜೋಡಿಸುವಾಗ ಹಚ್ಚಿದ ಆಯಿಲ್ ಸುಡುವುದು ಅದು, ಸ್ವಲ್ಪ ಹೊತ್ತಿಗೆ ನಿಂತಿತು. ಟೈಮಿಂಗ್ ನೋಡಿ, ಲೀಕ್ ನೋಡಿ, ಫ್ಯಾನ್ ತಾನಾಗಿ ತಿರುಗುತ್ತಾ ನೋಡಿ, ಅಷ್ಟೇ. ಐಡಲಿಂಗಿನಲ್ಲಿ ಗಂಟೆಗಟ್ಟಲೆ ಬಿಡಲಿಲ್ಲ. ನೇರ ರಸ್ತೆಗೆ ತೆಗೆದೆ.

ಈಗ ಆ ನಲವತ್ತರ ವಿಷಯ. ಪಿಸ್ಟನ್ ರಿಂಗ್ ಗೋಡೆಗೆ ಒತ್ತುವುದು ತನ್ನ ಸ್ಪ್ರಿಂಗ್ ಬಲದಿಂದ ಅಂತ ನಾವು ಅಂದುಕೊಂಡಿರುತ್ತೇವೆ. ಅದು ಸ್ವಲ್ಪ ಮಾತ್ರ. ಪೆಟ್ರೋಲ್ ಉರಿದಾಗಿನ ಒತ್ತಡ ರಿಂಗಿನ ಹಿಂದೆ, ಗ್ರೂವಿನೊಳಗೆ ನುಗ್ಗಿ ಅದನ್ನು ಹೊರಗೆ ದೂಡುತ್ತದೆ, ಜೋರಾಗಿ ಒತ್ತುವುದು ಅದು. ಆಕ್ಸಿಲರೇಟರ್ ಜಾಸ್ತಿ ತುಳಿದಾಗ ಒತ್ತಡ ಜಾಸ್ತಿ, ರಿಂಗ್ ಗಟ್ಟಿಯಾಗಿ ತಿಕ್ಕುತ್ತದೆ. ನಲವತ್ತರಲ್ಲಿ ಕಾಲು ಸುಮ್ನೆ ಇಟ್ಟುಕೊಂಡು ಹೋದರೆ ಒತ್ತಡವೇ ಇಲ್ಲ, ರಿಂಗ್ ಮೇಲೆ ಮೇಲೆ ಜಾರುತ್ತದೆ. ಹೋನಿಂಗಿನ ಏರುಗಳು ಚೂಪಾಗಿರುವುದು ಮೊದಲ ಸ್ವಲ್ಪ ಹೊತ್ತು ಮಾತ್ರ. ಆ ಹೊತ್ತಿನಲ್ಲಿ ರಿಂಗ್ ಕೂರದಿದ್ದರೆ ಸುಟ್ಟ ಆಯಿಲ್ ಗೆರೆಗಳ ಗುಂಡಿಯಲ್ಲಿ ತುಂಬಿ ಗೋಡೆ ನುಣುಪಾಗುತ್ತದೆ. ಗ್ಲೇಜ್ ಅನ್ನುತ್ತಾರೆ ಇದಕ್ಕೆ. ಆಮೇಲೆ ಎಷ್ಟು ಓಡಿಸಿದರೂ ಆಯಿಲ್ ಕುಡಿಯುತ್ತಲೇ ಇರುತ್ತದೆ, ಮತ್ತೆ ಬಿಚ್ಚಿ ಹೋನ್ ಮಾಡಿ ಹೊಸ ರಿಂಗ್ ಹಾಕುವುದೊಂದೇ ದಾರಿ. ಎರಡು ಸಾವಿರ ಕಿಲೋಮೀಟರ್ ಜೋಪಾನವಾಗಿ ಓಡಿಸಿದೆ, ಆದರೂ ನೀಲಿ ಹೊಗೆ ಅಂತ ಗೋಳಾಡುವವರನ್ನು ನೀವೂ ನೋಡಿರುತ್ತೀರಿ.

ಹಾಗಂತ ಬಡಿದು ಓಡಿಸಿ ಅಂತಲ್ಲ. ಬೇಕಾದ್ದು ಭಾರ. ಬೇಡದ್ದು ಅತಿ ಆರ್‌ಪಿಎಂ ಮತ್ತು ಅತಿ ಬಿಸಿ.

ಬೆಳಿಗ್ಗೆ ಬೇಗ ತೀರ್ಥಹಳ್ಳಿ ರಸ್ತೆ ಹಿಡಿದೆ. ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆ ಕಡೆಗೆ, ತುಂಗೆಯ ಪಕ್ಕದ ರಸ್ತೆ. ಆ ಹೊತ್ತಿನಲ್ಲಿ ವಾಹನ ಕಡಿಮೆ, ಸಣ್ಣ ಸಣ್ಣ ಏರಿಳಿತ ಇದೆ, ಈ ಕೆಲಸಕ್ಕೆ ಹೇಳಿ ಮಾಡಿಸಿದ ರಸ್ತೆ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ 30ರಿಂದ ಮುಕ್ಕಾಲು ಆಕ್ಸಿಲರೇಟರ್ ಕೊಟ್ಟು 55ರವರೆಗೆ ಎಳೆಸಿದೆ. ಆಮೇಲೆ ಕಾಲು ಪೂರ್ತಿ ತೆಗೆದು, ಕ್ಲಚ್ ಒತ್ತದೆ, ಗೇರಿನಲ್ಲೇ ಮತ್ತೆ 30ಕ್ಕೆ ಇಳಿಯಲು ಬಿಟ್ಟೆ. ಹೀಗೇ ಮತ್ತೆ ಮತ್ತೆ. ಎಳೆಯುವಾಗ ರಿಂಗ್ ಗೋಡೆಗೆ ಒತ್ತುತ್ತದೆ. ಕಾಲು ತೆಗೆದಾಗ ಸಿಲಿಂಡರಿನೊಳಗೆ ವ್ಯಾಕ್ಯೂಮ್ ಬಂದು ಕೆಳಗಿನ ಆಯಿಲನ್ನು ರಿಂಗಿನ ಕಡೆ ಎಳೆಯುತ್ತದೆ, ತಿಕ್ಕಿ ಉದುರಿದ ಪುಡಿಯನ್ನು ತೊಳೆದು ಕೆಳಗಿಳಿಸುತ್ತದೆ. ಎರಡೂ ಬೇಕು. ಮಧ್ಯೆ ಮಧ್ಯೆ ಸುಮ್ನೆ ಓಡಿಸಿ ತಣಿಯಲು ಬಿಟ್ಟೆ. ಹಿಂದೆ ಬಂದ ಒಬ್ಬ ಬೈಕಿನವನು ಎರಡು ಸಲ ಓವರ್‌ಟೇಕ್ ಮಾಡಲು ಹೋಗಿ, ನಾನು ಸ್ಪೀಡ್ ಏರಿಸಿದಾಗ ಹಿಂದೆ ಬಿದ್ದು, ಮೂರನೇ ಸಲ ದಾಟುವಾಗ ನನ್ನನ್ನು ನೋಡಿದ ನೋಟ ಇದೆಯಲ್ಲ, ಬೇಡ.

ಕೆಲವು ಮಾತು ಸೇರಿಸಿಬಿಡುತ್ತೇನೆ. ಟಾಪ್ ಗೇರಿನಲ್ಲಿ ಕಡಿಮೆ ಸ್ಪೀಡಿಗೆ ಗರಗರ ಅನ್ನಿಸಿ ಎಳೆಸಬೇಡಿ, ಆರ್‌ಪಿಎಂ ಏರಿಸುವುದಕ್ಕಿಂತ ಅದು ಕೆಟ್ಟದ್ದು. ಹೈವೇಯಲ್ಲಿ ಒಂದೇ ಸ್ಪೀಡಿಗೆ ಕಾಲಿಟ್ಟು ಗಂಟೆಗಟ್ಟಲೆ ಹೋಗಬೇಡಿ. ಮತ್ತೆ, ಶೋರೂಮಿನಿಂದ ಬಂದ ಹೊಸ ಕಾರಿಗೆ ಇದನ್ನು ಅನ್ವಯಿಸಬೇಡಿ. ಈಗಿನ ಫ್ಯಾಕ್ಟರಿಗಳಲ್ಲಿ ಹೋನಿಂಗಿನ ಚೂಪು ಏರುಗಳನ್ನು ಮೊದಲೇ ಸವರಿ ಕಳಿಸುತ್ತಾರೆ, ಗೇರ್‌ಬಾಕ್ಸ್, ಬ್ರೇಕ್ ಎಲ್ಲವೂ ಹೊಸದಾಗಿರುತ್ತವೆ, ಅಲ್ಲಿ ಅವರ ಪುಸ್ತಕದ ಮಾತೇ ಮಾತು. ನಾನು ಹೇಳುತ್ತಿರುವುದು ಲೇತಿನಲ್ಲಿ ಬೋರ್ ಆಗಿ ಕೈಯಲ್ಲಿ ಜೋಡಿಸಿದ ಇಂಜಿನ್ ಬಗ್ಗೆ ಮಾತ್ರ.

ಮನೆಗೆ ಬಂದವನೇ ಬಿಸಿಯಿದ್ದಾಗಲೇ ಆಯಿಲ್ ಇಳಿಸಿದೆ, ಫಿಲ್ಟರ್ ಸಮೇತ. ಅಪ್ಪನಿಗೆ ಸಂಕಟ, "ನಿನ್ನೆ ಹಾಕಿದ ಆಯಿಲ್ ಕಣೋ" ಅಂತ. ಬಿಳಿ ತಟ್ಟೆಯಲ್ಲಿ ಸ್ವಲ್ಪ ಹಿಡಿದು ಬಿಸಿಲಿಗೆ ಒಡ್ಡಿ ತೋರಿಸಿದೆ. ಆಯಿಲ್ ತುಂಬಾ ಬೆಳ್ಳಿ ಪುಡಿ ಮಿನುಗುತ್ತಿತ್ತು. ತಟ್ಟೆಯ ಕೆಳಗೆ ಸ್ಪೀಕರಿನ ಹಳೇ ಮ್ಯಾಗ್ನೆಟ್ ಹಿಡಿದರೆ ಪುಡಿ ಒಂದು ಕಡೆ ಸರಿದು ಗುಪ್ಪೆಯಾಯಿತು. ಅದು ರಿಂಗ್ ಮತ್ತು ಸಿಲಿಂಡರಿನ ಪುಡಿ, ಗಾಬರಿ ಪಡುವಂಥದ್ದಲ್ಲ. ಮ್ಯಾಗ್ನೆಟ್ಟಿಗೆ ಬರದ ಹೊಳೆಯುವ ಚಕ್ಕೆ ಕಂಡಿದ್ದರೆ ಬೇರಿಂಗ್ ಅಂತ ಅರ್ಥ, ಆಗ ಗಾಡಿ ಅಲ್ಲೇ ನಿಲ್ಲಿಸಬೇಕಿತ್ತು. ಇಷ್ಟು ಪುಡಿ ಇರುವ ಆಯಿಲನ್ನು ಸಾವಿರ ಕಿಲೋಮೀಟರ್ ಸುತ್ತಿಸುವುದು ಹೇಗೆ ಜೋಪಾನವಾಗುತ್ತದೆ? ಆಮೇಲೆ 500ಕ್ಕೆ ಒಮ್ಮೆ ಬದಲಿಸಿದೆ, ಆಗ ಪುಡಿ ಹೆಚ್ಚುಕಮ್ಮಿ ಇರಲೇ ಇಲ್ಲ. ಟ್ಯಾಪೆಟ್ ಗ್ಯಾಪನ್ನೂ (ವಾಲ್ವ್ ಒತ್ತುವ ಕಡೆ ಇರುವ ಸಂದು) ಆಗಲೇ ನೋಡಿಸಿದೆ, ಎರಡು ಸ್ವಲ್ಪ ಬಿಗಿಯಾಗಿದ್ದವು.

ಈಗ ಕಂಪ್ರೆಷನ್ ಮೂರೂ ಸಿಲಿಂಡರಿನಲ್ಲಿ ಹತ್ತಿರ ಹತ್ತಿರ ಒಂದೇ. ಇದರಲ್ಲಿ ನೋಡಬೇಕಾದ್ದು ದೊಡ್ಡ ನಂಬರ್ ಅಲ್ಲ, ಮೂರರ ನಡುವಿನ ವ್ಯತ್ಯಾಸ. ಅದು ಚದರ ಸೆಂಟಿಮೀಟರಿಗೆ ಒಂದು ಕೆಜಿ ಒಳಗೆ ಇದ್ದರೆ ಸರಿ. ಆಯಿಲ್ ಡಿಪ್‌ಸ್ಟಿಕ್ಕಿನಲ್ಲಿ ಕೆಳಗೆ ಇಳಿಯುತ್ತಿಲ್ಲ. ಹೊಗೆ ಇಲ್ಲ. ಖರ್ಚು ಎಷ್ಟಾಯ್ತು ಅಂತ ಕೇಳಬೇಡಿ, ಇದೇ ಮಾಡೆಲಿನ ಓಡುವ ಗಾಡಿ ಆ ದುಡ್ಡಿಗೆ ಸಿಗುತ್ತಿತ್ತು ಅಂತ ಭಾವ ಲೆಕ್ಕ ಹಾಕಿ ಹೇಳಿಯಾಗಿದೆ. ಡಿಸ್ಟ್ರಿಬ್ಯೂಟರ್ ಬುಡದ ಓ-ರಿಂಗಿನಿಂದ ಸಣ್ಣಗೆ ಆಯಿಲ್ ಜಿನುಗುತ್ತಿದೆ. ಪ್ಯಾಕಿಂಗ್ ಸೆಟ್ಟಿನಲ್ಲಿ ಬಂದ ಓ-ರಿಂಗ್ ದಪ್ಪ ಕಡಿಮೆ ಇತ್ತು. ಬೇರೆಯದು ತಂದಿಟ್ಟಿದ್ದೇನೆ, ಭಾನುವಾರ ಹಾಕಬೇಕು. ಅಪ್ಪ ಮಾತ್ರ ಈಗಲೂ ನಲವತ್ತರಲ್ಲೇ ಓಡಿಸುತ್ತಾರೆ, ಆದರೆ ಅವರು ಮೊದಲಿನಿಂದಲೂ ಹಾಗೇ.